ಇಡೀ ಮೀಟರ್ ಬೋರ್ಡೇ ಬದಲಿಸಬೇಕಂತೆ!

ಹೋದ ತಿಂಗಳು ಭಾನುವಳ್ಳಿಗೆ ಹೋದಾಗ ಅಪ್ಪನ ಮಾರುತಿ 800ರ ಪೆಟ್ರೋಲ್ ಮುಳ್ಳು, ಟೆಂಪರೇಚರ್ ಮುಳ್ಳು ಎರಡೂ ಒಟ್ಟಿಗೆ ಮಲಗಿದ್ದವು. ಸ್ಪೀಡೋಮೀಟರ್ ಮಾತ್ರ ಓಡ್ತಿತ್ತು. ಅದಕ್ಕೆ ಕರೆಂಟೇ ಬೇಡ ನೋಡಿ, ಗೇರ್ ಬಾಕ್ಸಿನಿಂದ ಬರೋ ಕೇಬಲ್ ಒಂದು ಆಯಸ್ಕಾಂತವನ್ನು ತಿರುಗಿಸುತ್ತೆ, ಅದು ಮುಳ್ಳನ್ನು ಎಳೆಯುತ್ತೆ, ಅಷ್ಟೇ.

ದಾವಣಗೆರೆಯ ಒಂದು ಸರ್ವೀಸ್ ಸೆಂಟರಿಗೆ ಒಯ್ದೆ. ಟೈ ಕಟ್ಟಿದ ಹುಡುಗ ಡ್ಯಾಶ್‌ಬೋರ್ಡಿನ ಒಂದು ಸ್ಕ್ರೂ ಕೂಡ ಬಿಚ್ಚಲಿಲ್ಲ. "ಇಡೀ ಅಸೆಂಬ್ಲಿ ಬದಲಿಸಬೇಕು ಸರ್. ಆದ್ರೆ ಪಾರ್ಟ್ ಬರ್ತಿಲ್ಲ. ಎಕ್ಸ್‌ಚೇಂಜಿಗೆ ಕೊಟ್ಬಿಡಿ, ಒಳ್ಳೆ ರೇಟ್ ಮಾಡ್ಸಿಕೊಡ್ತೀನಿ" ಅಂದ. ರಿಪೇರಿಗೆ ಹೋದವನ ಕೈಗೆ ಹೊಸ ಕಾರಿನ ಬ್ರೋಶರ್!

ಅಪ್ಪನಿಗೆ ಪೆಟ್ರೋಲ್ ಮುಳ್ಳಿನ ಚಿಂತೆ ಇಲ್ಲ, ಕಡ್ಡಿ ಹಾಕಿ ನೋಡ್ತೀನಿ ಅಂತಾರೆ. ನನಗೆ ಭಯ ಇದ್ದದ್ದು ಟೆಂಪರೇಚರ್ ಮುಳ್ಳಿಂದು. ರೇಡಿಯೇಟರ್ ನೀರು ಸೋರಿ ಇಂಜಿನ್ ಕಾದರೆ ಆ ಅಲ್ಯೂಮಿನಿಯಂ ಹೆಡ್ಡು ಬಾಗಿಹೋಗುತ್ತೆ. ಆಮೇಲೆ ಕಾರನ್ನು ಗುಜರಿಗೆ ಹಾಕೋದೇ.

ಕೊನೆಗೆ ಹರಿಹರದಲ್ಲಿ ಒಬ್ಬ ಹಳೇ ಆಟೋ ಎಲೆಕ್ಟ್ರಿಷಿಯನ್ ಚಾಚಾ ಹತ್ರ ಹೋದೆ. ಅವರು ಮೊದಲು ಟ್ಯಾಂಕಿನ ಫ್ಲೋಟಿಗೆ ಹೋಗೋ ವೈರ್ ಕಳಚಿ ಬಾಡಿಗೆ ಮುಟ್ಟಿಸಿದರು. ಮುಳ್ಳು ಸರಿ ಇದ್ದರೆ ಫುಲ್‌ಗೆ ಏರಬೇಕು, ಏರಲಿಲ್ಲ. ಫ್ಯೂಸ್ ಸರಿಯಾಗಿತ್ತು. ಮೀಟರ್ ಹೊರಗೆಳೆದು ಟೆಸ್ಟ್ ಬಲ್ಬ್ ಹಿಡಿದರು. ಸಾಕೆಟ್‌ವರೆಗೆ ಕರೆಂಟ್ ಇದೆ, ಮುಳ್ಳಿನ ಹತ್ತಿರ ಇಲ್ಲ. "ಮುಳ್ಳು ಸತ್ತಿಲ್ಲ ತಮ್ಮಾ, ಅದಕ್ಕೆ ಕರೆಂಟೇ ಮುಟ್ತಿಲ್ಲ." ಹಿಂದುಗಡೆಯ ತೆಳು ಪ್ಲಾಸ್ಟಿಕ್ ಹಾಳೆಯ ಸರ್ಕ್ಯೂಟಿನಲ್ಲಿ ಕೂದಲೆಳೆಯಷ್ಟು ಬಿರುಕು. ಎರಡೂ ಮುಳ್ಳಿಗೆ ಅದೊಂದೇ ದಾರಿ. ರಬ್ಬರಿನಿಂದ ಉಜ್ಜಿ, ಒಂದೆಳೆ ತಾಮ್ರದ ತಂತಿ ಇಟ್ಟು ಬೆಸುಗೆ ಹಾಕಿದರು. ನೂರೈವತ್ತು ರೂಪಾಯಿ ಮತ್ತು ಎರಡು ಟೀ.

ನಮ್ಮ ಆಫೀಸಿನಲ್ಲಿ ಒಂದು ಸಾಲು ತಪ್ಪಿದ್ದಕ್ಕೆ ಇಡೀ ಪ್ರೋಗ್ರಾಂ ಎಸೆದು ಹೊಸದು ಕೊಳ್ಳಿ ಅಂದ್ರೆ ಮ್ಯಾನೇಜರ್ ನನ್ನನ್ನೇ ಎಸೀತಾರೆ. ಕಾರಿನವರಿಗೆ ಮಾತ್ರ ಅದು ವ್ಯಾಪಾರ. ಕಿರ್ಲೋಸ್ಕರ್ ಲೇತ್ ಮಾಡಿ ದೇಶಕ್ಕೆ ಕಳಿಸಿದ ಊರು ಸ್ವಾಮಿ ಹರಿಹರ, ಇಲ್ಲಿಯವರಿಗೆ ಬೆಸುಗೆ ಹಾಕೋಕೆ ಬರಲ್ಲ ಅಂತೀರಾ?

ಹೊಸ ಕಾರುಗಳ ಕಥೆ ಇನ್ನೂ ಕೆಟ್ಟದು. ಮೀಟರ್ ಒಳಗೇ ಒಂದು ಪುಟ್ಟ ಕಂಪ್ಯೂಟರ್, ಓಡಿದ ಕಿಲೋಮೀಟರ್ ಒಂದು ಚಿಪ್‌ನಲ್ಲಿ. ಎಷ್ಟೋ ಮಾಡೆಲ್‌ಗಳಲ್ಲಿ ಬೇರೆ ಕಾರಿನ ಮೀಟರ್ ತಂದು ಹಾಕಿದರೂ ಕಂಪನಿಯ ಸಾಫ್ಟ್‌ವೇರ್ ಒಪ್ಪದೆ ಅದು ನಡೆಯೋದಿಲ್ಲ. ಕೇಳಿದ್ರೆ "ಕಿಲೋಮೀಟರ್ ತಿರುಗಿಸಿ ಮೋಸ ಮಾಡ್ತಾರೆ" ಅಂತಾರೆ. ಮೋಸ ಇದೆ, ಒಪ್ಪಿದೆ. ಆದರೆ ಕದಿಯೋನು ಸಾಫ್ಟ್‌ವೇರನ್ನೂ ಕದ್ದು ತಿರುಗಿಸ್ತಿದ್ದಾನೆ. ಬೀಗ ಬಿದ್ದಿದ್ದು ಚಾಚಾ ಅಂಥವರ ಕೈಗೆ ಮಾತ್ರ.

ಇದು ನನ್ನೊಬ್ಬನ ಗೊಣಗಾಟ ಅಲ್ಲ. ಬಿಡಿಭಾಗ, ಡಯಾಗ್ನಾಸ್ಟಿಕ್ ಉಪಕರಣಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೆ 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತ್ತು. ಆಮೇಲೆ ಮೇಲ್ಮನವಿ, ಕೋರ್ಟು, ಅದೇ ಹಾಡು. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ಪೋರ್ಟಲ್ ಏನೋ ಸರಿ, ಚಾಚಾಗೆ ಬೇಕಿರೋದು ವೈರಿಂಗ್ ನಕ್ಷೆ, ಬಿಡಿ ಮುಳ್ಳು, ಬಿಡಿ ಹಾಳೆ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 2012ರಲ್ಲೇ ಜನ ಓಟು ಹಾಕಿ ಕಾರು ರಿಪೇರಿಗೆ ಇಂಥ ಕಾನೂನು ತಂದರು. ನಾವು ಎಕ್ಸ್‌ಚೇಂಜ್ ಆಫರ್ ಓದ್ತಾ ಕೂತಿದ್ದೀವಿ.

ಅಂದಹಾಗೆ, ಮೀಟರಿನ ಎಡಗಡೆಯ ಇಂಡಿಕೇಟರ್ ಬಾಣ ಇನ್ನೂ ಉರೀತಿಲ್ಲ. ಬಲ್ಬ್ ಹೋಗಿದೆ ಅಂದ್ರು ಚಾಚಾ. ಮುಂದಿನ ಸಲ ಊರಿಗೆ ಹೋದಾಗ ನಾನೇ ಬಿಚ್ಚಿ ಹಾಕ್ತೀನಿ. ಬೈಬೇಡ ಅಂತ ಅಪ್ಪನಿಗೆ ಈಗಲೇ ಹೇಳಿಟ್ಟಿದ್ದೀನಿ.