ಸಹಿ ದೊಡ್ಡದಾದರೆ ಸಾಲದು

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಸಂಖ್ಯಾಶಾಸ್ತ್ರದ ಪಿಎಚ್‌.ಡಿಗೆ ಅರ್ಜಿ ಹಾಕುವವರಿಗೆ ಡಿಸೆಂಬರ್ ನಿದ್ದೆಗೆಡಿಸುವ ತಿಂಗಳು. ಹೆಚ್ಚಿನ ವಿಭಾಗಗಳ ಕೊನೆಯ ದಿನಾಂಕ ಬರುವುದು ಆಗಲೇ. ಈಗಂತೂ ಸೀಟುಗಳೂ ಬಿಗಿಯಾಗಿವೆ. ಸಂಶೋಧನಾ ಅನುದಾನಕ್ಕೆ ಕತ್ತರಿ ಬಿದ್ದದ್ದರಿಂದ 2025ರಲ್ಲಿ ಅಲ್ಲಿನ ಹಲವು ವಿಶ್ವವಿದ್ಯಾಲಯಗಳು ಪಿಎಚ್‌.ಡಿ ಪ್ರವೇಶವನ್ನು ಕಡಿಮೆ ಮಾಡಿದವು. ಕೋವಿಡ್ ನಂತರ ಅನೇಕ ವಿಭಾಗಗಳು ಜಿಆರ್‌ಇ ಅಂಕ ಕಡ್ಡಾಯವಲ್ಲ ಎಂದಿವೆ. ಪರೀಕ್ಷೆಯ ಅಂಕ ಹಿಂದೆ ಸರಿದಷ್ಟೂ ಉಳಿದ ಕಾಗದಗಳ ತೂಕ ಹೆಚ್ಚುತ್ತದೆ. ಅವುಗಳಲ್ಲಿ ನಾವೇ ಬರೆಯಲಾಗದ ಕಾಗದವೆಂದರೆ ಶಿಫಾರಸು ಪತ್ರ. ಸಾಮಾನ್ಯವಾಗಿ ಮೂರು ಬೇಕು.

ನಾನು ರಾಜ್ಯದ ಒಂದು ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದೇನೆ. ಈ ಪತ್ರದ ಮಾತು ಬಂದಾಗಲೆಲ್ಲ ನಮ್ಮ ತರಗತಿಯಲ್ಲಿ ಮೊದಲು ಏಳುವ ಪ್ರಶ್ನೆ, ‘ಯಾರ ಹೆಸರು ದೊಡ್ಡದು?’ ಕುಲಪತಿ, ಡೀನ್, ಯಾವುದೋ ಕಂಪನಿಯ ನಿರ್ದೇಶಕರ ಹೆಸರುಗಳು ಓಡಾಡುತ್ತವೆ. ಇದರಲ್ಲಿ ಆಶ್ಚರ್ಯವೇನಿಲ್ಲ. ನಮ್ಮಲ್ಲಿ ಶಿಫಾರಸು ಎಂದರೆ ವಶೀಲಿ. ಹಾಸ್ಟೆಲ್ ಸೀಟಿಗಾಗಿ ಶಾಸಕರ ಪತ್ರ ಹಿಡಿದು ಅಲೆದವರಿಗೆ ಗೊತ್ತು, ಪತ್ರದೊಳಗೆ ಏನಿದೆ ಎಂದು ಯಾರೂ ಓದುವುದಿಲ್ಲ, ಲೆಟರ್‌ಹೆಡ್ ನೋಡುತ್ತಾರೆ ಅಷ್ಟೆ. ಉನ್ನತ ಶಿಕ್ಷಣದಲ್ಲೂ ಐಐಟಿಗಳ ‘ಜ್ಯಾಮ್’ ಆಗಲಿ, ಐಎಸ್‌ಐ ಪ್ರವೇಶ ಪರೀಕ್ಷೆಯಾಗಲಿ ನಮ್ಮನ್ನು ಅಳೆಯುವುದು ಅಂಕಗಳಿಂದ. ಹೀಗಾಗಿ ‘ನಿಮ್ಮನ್ನು ಬಲ್ಲವರು ಯಾರು?’ ಎಂಬ ಪ್ರಶ್ನೆಗೆ ನಾವು ಸಿದ್ಧರಾಗಿರುವುದೇ ಇಲ್ಲ.

ಅಲ್ಲಿ ಪತ್ರ ಓದುವವರು ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕರೇ. ಅವರಿಗೆ ಬೇಕಾದದ್ದು ಸಾಕ್ಷಿ. ಈ ವಿದ್ಯಾರ್ಥಿ ರಿಯಲ್ ಅನಾಲಿಸಿಸ್, ಲೀನಿಯರ್ ಆಲ್ಜೀಬ್ರಾ, ಸಂಭವನೀಯತೆಯ ಕಠಿಣ ಕೋರ್ಸುಗಳನ್ನು ತಾಳಿಕೊಳ್ಳಬಲ್ಲನೇ? ಉತ್ತರ ಗೊತ್ತಿಲ್ಲದ ಲೆಕ್ಕದ ಮುಂದೆ ವಾರಗಟ್ಟಲೆ ಕೂರಬಲ್ಲಳೇ? ‘ಶ್ರಮಜೀವಿ, ಶಿಸ್ತಿನ ವಿದ್ಯಾರ್ಥಿ’ ಎಂಬ ಡೀನ್ ಮಾತಿನಿಂದ ಇದು ತಿಳಿಯುವುದಿಲ್ಲ. ‘ತರಗತಿಯಲ್ಲಿ ನಾನು ಕೊಟ್ಟ ಸಾಧನೆಯೊಂದರಲ್ಲಿ ಲೋಪ ಹುಡುಕಿ, ಮರುದಿನ ಸರಿಪಡಿಸಿ ತಂದಳು’ ಎಂದು ಪಾಠ ಮಾಡಿದವರು ಬರೆದರೆ ತಿಳಿಯುತ್ತದೆ.

ನಮ್ಮ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್ ಅವರ ಉದಾಹರಣೆ ನೋಡಿ. 1941ರಲ್ಲಿ ಅವರು ಕೋಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಸೇರಿದರು. ಸುಡಾನ್‌ನ ಜೆಬೆಲ್ ಮೋಯಾದಲ್ಲಿ ಅಗೆದು ತೆಗೆದಿದ್ದ ಅಸ್ಥಿಗಳ ಅಳತೆಗಳನ್ನು ವಿಶ್ಲೇಷಿಸಲು ಕೇಂಬ್ರಿಜ್ ವಿಶ್ವವಿದ್ಯಾಲಯದ ಮ್ಯೂಸಿಯಂಗೆ ಜನ ಬೇಕಾದಾಗ, 1946ರಲ್ಲಿ ಪಿ.ಸಿ. ಮಹಲನೋಬಿಸ್ ಅಲ್ಲಿಗೆ ಕಳಿಸಿದ್ದು ರಾವ್ ಅವರನ್ನು. ಅಲ್ಲೇ ಆರ್.ಎ. ಫಿಷರ್ ಮಾರ್ಗದರ್ಶನದಲ್ಲಿ 1948ರಲ್ಲಿ ಪಿಎಚ್‌.ಡಿ ಆಯಿತು. ಮಹಲನೋಬಿಸ್ ದೊಡ್ಡ ಹೆಸರೇ, ನಿಜ. ಆದರೆ ಅಂಥದೇ ದೇಹದಳತೆಯ ದತ್ತಾಂಶದ ಮೇಲೆ ರಾವ್ ಕೆಲಸ ಮಾಡಿದ್ದನ್ನು ಅವರು ಹತ್ತಿರದಿಂದ ಕಂಡಿದ್ದರು. ಅವರ ಮಾತಿಗೆ ಬೆಲೆ ತಂದದ್ದು ಅದು.

ಹಾಗಾದರೆ ಮೂವರು ಯಾರು? ಗಣಿತದ ಬಲ ಕಂಡ ಒಬ್ಬರು, ಅಂದರೆ ಸಂಭವನೀಯತೆ ಅಥವಾ ಇನ್‌ಫರೆನ್ಸ್ ಪಾಠ ಮಾಡಿದವರು. ಪ್ರಾಜೆಕ್ಟ್ ಮಾಡಿಸಿದ ಇನ್ನೊಬ್ಬರು. ಮೂರನೆಯವರು ಮತ್ತೊಬ್ಬ ಅಧ್ಯಾಪಕರಾಗಬಹುದು, ಇಲ್ಲವೇ ದತ್ತಾಂಶದ ಕೆಲಸ ಮಾಡಿಸಿದ ಮೇಲಧಿಕಾರಿಯಾಗಬಹುದು. ಉದ್ಯೋಗಸ್ಥರಿಗೆ ಒಂದು ಎಚ್ಚರಿಕೆ: ಪಿಎಚ್‌.ಡಿಗೆ ಮೂರೂ ಪತ್ರ ಕಂಪನಿಯಿಂದ ಬಂದರೆ ಗಣಿತದ ಪ್ರಶ್ನೆಗೆ ಉತ್ತರ ಸಿಗದೇ ಉಳಿಯುತ್ತದೆ.

ಹೇಳುವುದು ಸುಲಭ, ನಮ್ಮ ವ್ಯವಸ್ಥೆಯಲ್ಲಿ ಮಾಡುವುದು ಕಷ್ಟ. ನಮ್ಮ ಪಠ್ಯಕ್ರಮದಲ್ಲಿ ಪ್ರಾಜೆಕ್ಟ್ ಇರುವುದು ನಾಲ್ಕನೇ ಸೆಮಿಸ್ಟರ್‌ನಲ್ಲಿ, ಅರ್ಜಿಯ ಗಡುವು ಮೂರನೆಯದರಲ್ಲಿ. ಗೈಡ್ ಪತ್ರ ಬರೆಯಬೇಕಾದ ಹೊತ್ತಿಗೆ ಪ್ರಾಜೆಕ್ಟ್ ಹುಟ್ಟಿಯೇ ಇರುವುದಿಲ್ಲ. ಪದವಿ ಹಂತದಲ್ಲಿ ಇನ್ನೊಂದು ತೊಡಕು. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರಿದ್ದಾರೆ. 2023ರ ಕೊನೆಯಲ್ಲಿ ಅವರು ಸೇವೆ ಕಾಯಂಗೆ ಒತ್ತಾಯಿಸಿ ಮುಷ್ಕರ ಹೂಡಿದ್ದು ನೆನಪಿರಬಹುದು. ನಮ್ಮನ್ನು ಹೆಸರು ಹಿಡಿದು ಬಲ್ಲವರು ಎಷ್ಟೋ ಸಲ ಅವರೇ. ಮುಂದಿನ ವರ್ಷ ಅವರು ಯಾವ ಕಾಲೇಜಿನಲ್ಲಿರುತ್ತಾರೋ ಹೇಳಲಾಗದು. ವಿದೇಶಿ ವಿಶ್ವವಿದ್ಯಾಲಯ ಸಂಸ್ಥೆಯ ಇ–ಮೇಲ್ ವಿಳಾಸ ಕೇಳಿದರೆ ಕೊಡಲು ಅವರಲ್ಲಿ ಎಷ್ಟೋ ಮಂದಿಗೆ ಅದಿರುವುದಿಲ್ಲ. ಬಲ್ಲವರಿಗೆ ವಿಳಾಸವಿಲ್ಲ, ವಿಳಾಸವಿದ್ದವರು ಬಲ್ಲವರಲ್ಲ.

ಈ ಅಂತರ ತುಂಬಲು ಹುಟ್ಟಿಕೊಂಡದ್ದೇ ‘ನೀನೇ ಬರ್ಕೊಂಡು ಬಾ, ಸೈನ್ ಹಾಕ್ತೀನಿ’ ಎಂಬ ಪದ್ಧತಿ. ಅಮೆರಿಕದ 1974ರ ಫೆರ್ಪಾ ಕಾಯ್ದೆ, ಪ್ರವೇಶ ಪಡೆದ ವಿದ್ಯಾರ್ಥಿಗೆ ತನ್ನ ಪತ್ರ ನೋಡುವ ಹಕ್ಕು ಕೊಡುತ್ತದೆ. ಅದನ್ನು ಬಿಟ್ಟುಕೊಡುತ್ತೀರಾ ಎಂದು ಅರ್ಜಿಯಲ್ಲೇ ಕೇಳುತ್ತಾರೆ, ಏಕೆಂದರೆ ವಿದ್ಯಾರ್ಥಿ ನೋಡದ ಪತ್ರಕ್ಕೆ ನಂಬಿಕೆ ಹೆಚ್ಚು. ನಾವೇ ಬರೆದ ಪತ್ರ ಆ ನಂಬಿಕೆಗೆ ದ್ರೋಹ. ಮೇಲಾಗಿ ಮೂರು ಪತ್ರಗಳಲ್ಲೂ ಒಂದೇ ಧಾಟಿ, ಒಂದೇ ವಿಶೇಷಣಗಳಿದ್ದರೆ ಓದುವವರಿಗೆ ಅನುಮಾನ ಬಾರದೇ?

ಬದಲಿಗೆ ಒಂದು ಪುಟದ ಟಿಪ್ಪಣಿ ಕೊಡಿ. ಅವರ ಕೋರ್ಸಿನಲ್ಲಿ ಬಂದ ಅಂಕ, ಮಾಡಿದ ಸೆಮಿನಾರ್, ಚರ್ಚಿಸಿದ ಲೆಕ್ಕ, ವಿಶ್ವವಿದ್ಯಾಲಯಗಳ ಪಟ್ಟಿ, ಗಡುವು ಎಲ್ಲ ಅದರಲ್ಲಿರಲಿ. ಕನಿಷ್ಠ ಆರು ವಾರ ಮೊದಲೇ ಹೋಗಿ. ನಮ್ಮ ಮೇಷ್ಟ್ರುಗಳಿಗೆ ‘ಆಗಲ್ಲ’ ಎನ್ನಲು ಮುಜುಗರ. ಹಾಗಾಗಿ, ‘ಸರ್, ನನ್ನ ಕೆಲಸದ ಬಗ್ಗೆ ವಿವರವಾಗಿ ಬರೆಯೋಕೆ ಆಗುತ್ತಾ?’ ಎಂದು ಕೇಳಿ. ಉತ್ತರ ತಡವರಿಸಿದರೆ ಧನ್ಯವಾದ ಹೇಳಿ ಬೇರೆಯವರನ್ನು ನೋಡಿ. ಅತಿಥಿ ಉಪನ್ಯಾಸಕರೇ ಬಲ್ಲವರಾದರೆ, ಅವರು ಬರೆದ ಪತ್ರಕ್ಕೆ ವಿಭಾಗದ ಮುಖ್ಯಸ್ಥರೂ ಓದಿ ಜಂಟಿ ಸಹಿ ಹಾಕಬಹುದೇ ಎಂದು ವಿಚಾರಿಸಿ.

ಕಿರಿಯರಿಗೆ ಇನ್ನೂ ಸಮಯವಿದೆ. 1993ರಿಂದ ನಡೆಯುತ್ತಿರುವ ಎಂಟಿಟಿಎಸ್ ಗಣಿತ ಶಿಬಿರ, ವಿಜ್ಞಾನ ಅಕಾಡೆಮಿಗಳ ಬೇಸಿಗೆ ಸಂಶೋಧನಾ ಫೆಲೋಶಿಪ್‌ನಂಥ ಕಡೆ ನಮ್ಮ ಕೆಲಸವನ್ನು ಹತ್ತಿರದಿಂದ ನೋಡುವ ಹಿರಿಯರು ಸಿಗುತ್ತಾರೆ. ಅದೂ ಆಗದಿದ್ದರೆ ವಿಭಾಗದ ಒಬ್ಬರ ಬಳಿ ಮೊದಲ ಸೆಮಿಸ್ಟರ್‌ನಲ್ಲೇ ಒಂದು ಸಣ್ಣ ಸಮಸ್ಯೆ ಕೇಳಿ ಪಡೆದು ಕೆಲಸ ಶುರು ಮಾಡಬಹುದು.

ವಿಶ್ವವಿದ್ಯಾಲಯಗಳೂ ಎರಡು ಕೆಲಸ ಮಾಡಬೇಕು. ಪ್ರಾಜೆಕ್ಟನ್ನು ಎರಡನೇ ಸೆಮಿಸ್ಟರ್‌ನಿಂದಲೇ ಆರಂಭಿಸಲಿ, ಪಾಠ ಮಾಡುವ ಪ್ರತಿಯೊಬ್ಬರಿಗೂ ಸಂಸ್ಥೆಯ ಇ–ಮೇಲ್ ಕೊಡಲಿ. ಎರಡಕ್ಕೂ ದೊಡ್ಡ ಅನುದಾನವೇನೂ ಬೇಕಿಲ್ಲ.