ಹಾಡು ಹೊಟ್ಟೆ ತುಂಬಿಸೀತೇ?

ಹತ್ತನೇ ತರಗತಿಯ ಫಲಿತಾಂಶ ಬರುತ್ತಿದ್ದಂತೆ ಹೊಸಪೇಟೆ, ಕಂಪ್ಲಿ, ಸಂಡೂರಿನ ಮನೆಗಳಲ್ಲಿ ಒಂದೇ ಚರ್ಚೆ. ವಿಜ್ಞಾನವೋ, ವಾಣಿಜ್ಯವೋ, ಐಟಿಐಯೋ? ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಸಂಡೂರಿನ ಗಣಿ, ಬೆಂಗಳೂರಿನ ಕಂಪ್ಯೂಟರ್ ಕಂಪನಿ, ಪಾಲಕರ ಲೆಕ್ಕಾಚಾರ ಬಹುಮಟ್ಟಿಗೆ ಈ ಮೂರರ ಸುತ್ತಲೇ ತಿರುಗುತ್ತದೆ. ಇದರ ನಡುವೆ ಮಗನೋ ಮಗಳೋ ‘ಸಂಗೀತ ಕಲಿಯುತ್ತೇನೆ, ಅದರಲ್ಲೇ ಬದುಕುತ್ತೇನೆ’ ಎಂದರೆ ಮನೆಯಲ್ಲಿ ಮೌನ ಆವರಿಸುತ್ತದೆ.

ಈ ಮೌನ ಎರಡು ಬಗೆಯದು. ಹಾಡಿನ ಪರಂಪರೆ ಇಲ್ಲದ ಮನೆಯಲ್ಲಿ ಅದು ಭಯದ ಮೌನ. ತಿಂಗಳ ಸಂಬಳವಿಲ್ಲದ ದಾರಿಗೆ ಮಕ್ಕಳನ್ನು ಕಳಿಸುವುದು ಹೇಗೆ ಎಂಬ ಚಿಂತೆ. ಪರಂಪರೆ ಇರುವ ಮನೆಯಲ್ಲಾದರೆ ಅದು ನೋವಿನ ಮೌನ. ತಂಬೂರಿ, ಚೌಡಿಕೆ ಹಿಡಿದು ಊರೂರು ತಿರುಗಿ, ಮನೆ ಮನೆಯ ಮುಂದೆ ಹಾಡಿ ಕಾಳುಕಡಿ ಪಡೆದು ಬದುಕಿದ ಹಿರಿಯರು ತಮ್ಮ ಪಾಡು ಮಕ್ಕಳಿಗೆ ಬೇಡ ಎನ್ನುತ್ತಾರೆ. ಎರಡೂ ಮನೆಯವರ ಮಾತಿನಲ್ಲಿ ಹುರುಳಿದೆ. ಆದರೆ ಇದೇ ಸೀಮೆಯಲ್ಲಿ ಹಾಡನ್ನೇ ಬದುಕಾಗಿಸಿಕೊಂಡವರ ದಾರಿಯನ್ನು ಒಮ್ಮೆ ನೋಡಿ ತೀರ್ಮಾನಕ್ಕೆ ಬರುವುದು ಒಳ್ಳೆಯದು.

ದರೋಜಿಯ ಈರಮ್ಮ

ಸಂಡೂರು ತಾಲ್ಲೂಕಿನ ದರೋಜಿ ಎಂದರೆ ಇಂದಿನ ವಿದ್ಯಾರ್ಥಿಗಳಿಗೆ ಕರಡಿಧಾಮ ನೆನಪಾಗುತ್ತದೆ. ಆದರೆ ಜಾನಪದ ಬಲ್ಲವರಿಗೆ ದರೋಜಿ ಎಂದರೆ ಬುರ್ರಕಥಾ ಈರಮ್ಮ. ಬುಡ್ಗ ಜಂಗಮ ಎಂಬ ಅಲೆಮಾರಿ ಸಮುದಾಯದಲ್ಲಿ ಹುಟ್ಟಿದ ಈರಮ್ಮ ಶಾಲೆಯ ಮುಖ ಕಂಡವರಲ್ಲ. ಹನ್ನೆರಡರ ಹರೆಯದಲ್ಲಿ ತಂದೆ ಲಾಲಪ್ಪನವರಿಂದ ಬುರ್ರಕಥೆ ಕಲಿತರು. ಮುಖ್ಯ ಕಥೆಗಾರರು ತಂಬೂರಿ ಹಿಡಿದು ಕಥೆ ನಡೆಸುತ್ತಿದ್ದರೆ, ಜೊತೆಗಾರರು ಚರ್ಮವಾದ್ಯ ಬಾರಿಸುತ್ತ ಸೊಲ್ಲು ಹಿಡಿಯುವುದು ಈ ಕಲೆಯ ಕ್ರಮ. ತಂಗಿ ಶಿವಮ್ಮ ಮತ್ತು ನಾದಿನಿ ಪಾರ್ವತಮ್ಮ ಈರಮ್ಮನವರ ಮೇಳದಲ್ಲಿದ್ದರು.

ಅವರ ನೆನಪಿನಲ್ಲಿದ್ದುದು ಹನ್ನೆರಡು ದೊಡ್ಡ ಕಾವ್ಯಗಳು. ಎಲ್ಲ ಸೇರಿ 2 ಲಕ್ಷ ಸಾಲುಗಳಾಗುತ್ತವೆ ಎಂದು ಹೇಳುವುದುಂಟು. ಕಂಪಿಲರಾಯನ ಮಗ ಕುಮಾರರಾಮನ ಕಥೆ ಅವುಗಳಲ್ಲೊಂದು. ವಿಜಯನಗರಕ್ಕೂ ಮುಂಚಿನ ಈ ವೀರನ ಕಥೆಯನ್ನು ಪಠ್ಯಪುಸ್ತಕ ನಾಲ್ಕು ಸಾಲಿನಲ್ಲಿ ಮುಗಿಸಿದರೆ, ಈರಮ್ಮನವರ ಕೊರಳಲ್ಲಿ ಅದು ರಾತ್ರಿಗಟ್ಟಲೆ ಹರಿಯುತ್ತಿತ್ತು.

ಅವರಿಗೆ ರಾಜ್ಯೋತ್ಸವ ಪ್ರಶಸ್ತಿ ಬಂದದ್ದು 1999ರಲ್ಲಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯ 2003ರಲ್ಲಿ ನಾಡೋಜ ಗೌರವ ನೀಡಿತು. 2014ರ ಆಗಸ್ಟ್ 12ರಂದು ಅವರು ತೀರಿಕೊಂಡರು. ಅಂದರೆ, ಬದುಕಿನ ಬಹುಭಾಗ ಅವರು ಹಾಡಿದ್ದು ಯಾವ ಬಿರುದೂ ಇಲ್ಲದೆ, ಯಾವ ಸಂಬಳವೂ ಇಲ್ಲದೆ. ಗೌರವ ಬಂದಾಗ ಅವರು ಆಗಲೇ ಹಿರಿಯರು. ಪ್ರಶಸ್ತಿಯನ್ನೇ ಕಲಾವಿದರ ವರಮಾನವೆಂದು ಎಣಿಸುವವರು ಈ ವರ್ಷಗಳನ್ನು ಗಮನಿಸಬೇಕು.

ಲಕ್ಷ್ಮೀಪುರದಿಂದ ಧಾರವಾಡಕ್ಕೆ

ಎರಡನೆಯ ದಾರಿ ಪಂಡಿತ ಎಂ. ವೆಂಕಟೇಶಕುಮಾರ್ ಅವರದು. ಬಳ್ಳಾರಿ ಸೀಮೆಯ ಲಕ್ಷ್ಮೀಪುರದಲ್ಲಿ 1953ರಲ್ಲಿ ಹುಟ್ಟಿದ ಇವರ ತಂದೆ ಹುಲೆಪ್ಪನವರು ಜನಪದ ಹಾಡುಗಾರರು, ತೊಗಲುಗೊಂಬೆ ಆಡಿಸುವವರು. ಹುಡುಗನ ಕೊರಳನ್ನು ಗುರುತಿಸಿ 1968ರಲ್ಲಿ ಗದುಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಕರೆದೊಯ್ದವರು ಬಂಧುಗಳಾದ ಬೆಳಗಲ್ಲು ವೀರಣ್ಣ. ತೊಗಲುಗೊಂಬೆಯ ಪರದೆಯ ಮೇಲೆ ರಾಮಾಯಣದ ಜೊತೆಗೆ ಸ್ವಾತಂತ್ರ್ಯ ಹೋರಾಟದ ಕಥೆಯನ್ನೂ ತಂದ, ಗೊಂಬೆಗಳನ್ನು ಹೊರದೇಶಗಳಿಗೂ ಕೊಂಡೊಯ್ದ ಕಲಾವಿದರು ಇವರೇ. 2023ರ ಏಪ್ರಿಲ್‌ನಲ್ಲಿ ರಸ್ತೆ ಅಪಘಾತದಲ್ಲಿ ನಿಧನರಾದರು.

ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳ ಬಳಿ ವೆಂಕಟೇಶಕುಮಾರ್ ಕಲಿತದ್ದು ಹನ್ನೆರಡು ವರ್ಷ. ನಂತರ ಧಾರವಾಡದ ಸಂಗೀತ ಕಾಲೇಜಿನಲ್ಲಿ ಅಧ್ಯಾಪಕರಾಗಿ ಮೂರು ದಶಕ ಪಾಠ ಹೇಳಿದರು. ಪುಣೆಯ ಸವಾಯಿ ಗಂಧರ್ವ ಉತ್ಸವದಲ್ಲಿ ಹಾಡಿ ದೇಶದ ರಸಿಕರ ಕಣ್ಣಿಗೆ ಬಿದ್ದಾಗ ಅವರಿಗೆ ನಲವತ್ತರ ಆಸುಪಾಸು. 2016ರಲ್ಲಿ ಪದ್ಮಶ್ರೀ ಬಂತು. ಹೆಸರು ಬರುವವರೆಗೆ ಸಂಸಾರ ನಡೆಸಿದ್ದು ಮೇಷ್ಟರ ಕೆಲಸ ಎಂಬುದು ಇಲ್ಲಿನ ಮುಖ್ಯ ಸಂಗತಿ. ಪಾಠ ಹೇಳುವುದು ಕಲಾವಿದನಿಗೆ ಕೀಳಲ್ಲ. ಬಹಳಷ್ಟು ಸಲ ಅದೇ ಅವನನ್ನು ಕಾಯುವ ಗುರಾಣಿ.

ಚೌಡಿಕೆಯ ಮೇಳ

ಮೂರನೆಯ ದಾರಿ ಎಲ್ಲಕ್ಕಿಂತ ಕಠಿಣವಾದುದು. ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಗಂಡುಮಗುವೆಂದು ಹುಟ್ಟಿ, ಹೆಣ್ಣಿನ ಮನಸ್ಸಿನಿಂದ ಬೆಳೆದ ಮಂಜಮ್ಮ ಜೋಗತಿ ಓದಿದ್ದು ಹತ್ತನೇ ತರಗತಿಯವರೆಗೆ. ತುಂಗಭದ್ರೆಯ ದಡದ ಹುಲಿಗಿಯಲ್ಲಿ ಜೋಗತಿಯ ದೀಕ್ಷೆಯಾದ ನಂತರ ಮನೆಯ ಆಸರೆ ತಪ್ಪಿತು. ಭಿಕ್ಷೆ ಬೇಡಿದ ದಿನಗಳ ಬಗ್ಗೆ ಅವರೇ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಕಾಳವ್ವ ಜೋಗತಿಯವರ ಶಿಷ್ಯತ್ವ ಸಿಕ್ಕಿದ ಮೇಲೆ ಜೋಗತಿ ನೃತ್ಯ, ಹಾಡು, ನಾಟಕ ಅವರ ಕೈಹಿಡಿದವು. ಗುರುವಿನ ನಂತರ ಮೇಳವನ್ನು ಮುನ್ನಡೆಸಿದ್ದೂ ಅವರೇ.

2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷತೆ, 2021ರಲ್ಲಿ ಪದ್ಮಶ್ರೀ. ಆ ಅಕಾಡೆಮಿಯ ಅಧ್ಯಕ್ಷರಾದ ಮೊದಲ ಲಿಂಗತ್ವ ಅಲ್ಪಸಂಖ್ಯಾತ ಕಲಾವಿದೆ ಅವರು. ರಾಷ್ಟ್ರಪತಿಯವರಿಗೆ ಸೆರಗಿನಿಂದ ದೃಷ್ಟಿ ತೆಗೆದು ಹರಸಿದ ಆ ಗಳಿಗೆಯನ್ನು ದೂರದರ್ಶನದಲ್ಲಿ ಕಂಡವರು ಮರೆಯಲಾರರು.

ಇಲ್ಲಿ ಪಾಲಕರಿಗೆ ಒಂದು ಮಾತು ಸ್ಪಷ್ಟವಾಗಬೇಕು. ಚೌಡಿಕೆ ಕಲಿಯುವುದು ಬೇರೆ, ಮುತ್ತು ಕಟ್ಟುವುದು ಬೇರೆ. ದೇವದಾಸಿ ಸಮರ್ಪಣೆಯನ್ನು ರಾಜ್ಯದ 1982ರ ಕಾಯ್ದೆ ನಿಷೇಧಿಸಿದೆ. ಹಾಡಿಗೆ, ವಾದ್ಯಕ್ಕೆ ಆ ಕಟ್ಟು ಬೇಕಿಲ್ಲ. ಪದ್ಧತಿಯನ್ನು ಬಿಟ್ಟು ಕಲೆಯನ್ನು ಉಳಿಸಿಕೊಳ್ಳಲು ಸಾಧ್ಯವಿದೆ.

ವರಮಾನದ ಲೆಕ್ಕ

ಹಾಗಾದರೆ ಇಂದು ಈ ಭಾಗದ ಹಾಡುಗಾರರು, ವಾದ್ಯಗಾರರು ಬದುಕುವುದು ಹೇಗೆ? ಒಂದೇ ಮೂಲದಿಂದ ಅಲ್ಲ, ಐದಾರು ಸಣ್ಣ ಮೂಲಗಳಿಂದ. ಜಾತ್ರೆ, ಮದುವೆ, ಭಜನೆ, ಬಯಲಾಟದ ಹಿಮ್ಮೇಳ, ಸರ್ಕಾರಿ ಉತ್ಸವ, ಆಕಾಶವಾಣಿ, ಮನೆಪಾಠ. ಸುಗ್ಗಿ ಮುಗಿದು ಜಾತ್ರೆಗಳು ಶುರುವಾದರೆ ಕೈತುಂಬ ಕೆಲಸ. ಕೊಟ್ಟೂರು, ಹಂಪಿ, ಹುಲಿಗಿ ಎಂದು ಓಡಾಟ. ಮಳೆಗಾಲ ಹಿಡಿದರೆ ತಿಂಗಳುಗಟ್ಟಲೆ ಬಿಡುವು. ಆದ್ದರಿಂದಲೇ ಬಹುತೇಕ ಜನಪದ ಕಲಾವಿದರು ಕೂಲಿ, ಬೇಸಾಯ ಅಥವಾ ಸಣ್ಣ ವ್ಯಾಪಾರವನ್ನು ಜೊತೆಗೆ ಇಟ್ಟುಕೊಂಡಿರುತ್ತಾರೆ.

ಹಂಪಿ ಉತ್ಸವದ ವೇದಿಕೆ ಸಿಕ್ಕರೆ ಹೆಸರು ಬರುತ್ತದೆ, ನಿಜ. ಆದರೆ ಅದು ವರ್ಷಕ್ಕೊಮ್ಮೆ ನಡೆಯುವಂಥದು. 1986ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಹಂಪಿಗೆ ವರ್ಷವಿಡೀ ದೇಶ ವಿದೇಶದ ಪ್ರವಾಸಿಗರು ಬರುತ್ತಾರೆ. ಅವರು ಕಲ್ಲನ್ನು ನೋಡಿ ಹೋಗುತ್ತಾರೆ. ಅದೇ ನೆಲದ ಹಾಡನ್ನು ಕೇಳದೆಯೇ ಮರಳುವವರು ಹೆಚ್ಚು. ಸಂಜೆಗೊಂದು ಬುರ್ರಕಥೆ, ತೊಗಲುಗೊಂಬೆ ಅಥವಾ ಚೌಡಿಕೆ ಪದದ ಕಾರ್ಯಕ್ರಮ ನಿಯತವಾಗಿ ನಡೆದರೆ ಎಷ್ಟೋ ಮೇಳಗಳಿಗೆ ವರ್ಷಪೂರ್ತಿ ಕೆಲಸ ಸಿಕ್ಕೀತು.

ಐರ್ಲೆಂಡ್ ಕಲಿಸುವ ಪಾಠ

ಹಳ್ಳಿಯ ಹಾಡನ್ನು ವೃತ್ತಿಯಾಗಿಸಿಕೊಂಡ ದೇಶಗಳಲ್ಲಿ ಐರ್ಲೆಂಡ್ ಮುಂದಿದೆ. ಪಿಟೀಲು, ಕೊಳಲು, ಚೀಲದ ಪುಂಗಿಯಂಥ ವಾದ್ಯಗಳ ಅಲ್ಲಿನ ಸಾಂಪ್ರದಾಯಿಕ ಸಂಗೀತ ಒಂದು ಕಾಲಕ್ಕೆ ಅಡುಗೆಮನೆಯ ಒಲೆಯ ಮುಂದೆ ನುಡಿಸುವಷ್ಟಕ್ಕೆ ಸೀಮಿತವಾಗಿತ್ತು. 1951ರಲ್ಲಿ ಅಭಿಮಾನಿಗಳು ಸಂಘ ಕಟ್ಟಿ ವರ್ಷಕ್ಕೊಮ್ಮೆ ಸಂಗೀತ ಜಾತ್ರೆ ಆರಂಭಿಸಿದರು. ಊರೂರಿನಲ್ಲಿ ಮಕ್ಕಳಿಗೆ ಪಾಠ ನಡೆಯತೊಡಗಿತು. 1994ರಲ್ಲಿ ಲಿಮೆರಿಕ್ ವಿಶ್ವವಿದ್ಯಾಲಯದಲ್ಲಿ ಸಂಗೀತದ ಅಕಾಡೆಮಿ ಸ್ಥಾಪನೆಯಾಗಿ, ಹಳ್ಳಿಯ ವಾದ್ಯದಲ್ಲೇ ಪದವಿ ಪಡೆಯುವ ಅವಕಾಶ ಬಂತು.

ಇಷ್ಟಾದರೂ ಅಲ್ಲಿನ ಕಲಾವಿದರ ಬದುಕು ಹೂವಿನ ಹಾಸಿಗೆಯಲ್ಲ. ಜಗತ್ಪ್ರಸಿದ್ಧವಾದ ‘ದಿ ಚೀಫ್‌ಟನ್ಸ್’ ತಂಡ ಹುಟ್ಟಿದ್ದು 1962ರಲ್ಲಿ. ಅದರ ಸದಸ್ಯರು ಬೇರೆ ನೌಕರಿಗಳನ್ನು ಬಿಟ್ಟು ಪೂರ್ಣಾವಧಿ ಸಂಗೀತಗಾರರಾದದ್ದು 1975ರಲ್ಲಿ. ನಡುವಿನ ಹದಿಮೂರು ವರ್ಷ ಹಗಲು ಕೆಲಸ, ರಾತ್ರಿ ಸಂಗೀತ. 2022ರಲ್ಲಿ ಅಲ್ಲಿನ ಸರ್ಕಾರ 2,000 ಕಲಾವಿದರಿಗೆ ವಾರಕ್ಕೆ 325 ಯೂರೋ ಕೊಡುವ ಪ್ರಾಯೋಗಿಕ ಯೋಜನೆ ಆರಂಭಿಸಬೇಕಾಯಿತು. ಶ್ರೀಮಂತ ದೇಶದಲ್ಲೂ ಕಲೆಯ ವರಮಾನ ಅನಿಶ್ಚಿತ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಎಲ್ಲಿ ಕಲಿಯಬಹುದು?

ಹೊಸಪೇಟೆ ಭಾಗದ ವಿದ್ಯಾರ್ಥಿಗಳಿಗೆ ಅವಕಾಶಗಳೇನೂ ದೂರವಿಲ್ಲ. 1991ರಲ್ಲಿ ಆರಂಭವಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಸಂಗೀತ ಮತ್ತು ಜಾನಪದ ಅಧ್ಯಯನಕ್ಕೆ ವಿಭಾಗಗಳಿವೆ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ 2011ರಿಂದ ಜಾನಪದಕ್ಕೆಂದೇ ಒಂದು ವಿಶ್ವವಿದ್ಯಾಲಯವಿದೆ. ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಹೆಸರಿನ ಸಂಗೀತ ವಿಶ್ವವಿದ್ಯಾಲಯವಿದೆ. ಗದುಗಿನ ಪುಣ್ಯಾಶ್ರಮವಂತೂ ಅಂಧರಿಗೆ, ಬಡವರಿಗೆ ಅನ್ನದ ಜೊತೆ ಸ್ವರವನ್ನೂ ಕೊಟ್ಟ ತಾಣ.

ಕೇಂದ್ರದ ಸಿಸಿಆರ್‌ಟಿ ಸಂಸ್ಥೆ 10ರಿಂದ 14 ವರ್ಷದ ಪ್ರತಿಭಾವಂತ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುತ್ತದೆ. ಸಾಂಪ್ರದಾಯಿಕ ಕಲಾವಿದರ ಮನೆಯ ಮಕ್ಕಳಿಗೆ ಅದರಲ್ಲಿ ಪ್ರತ್ಯೇಕ ಸ್ಥಾನಗಳಿವೆ. 18ರಿಂದ 25 ವರ್ಷದವರು ಗುರುವಿನ ಬಳಿ ಉನ್ನತ ಅಭ್ಯಾಸ ಮಾಡಲು ಕೇಂದ್ರ ಸಂಸ್ಕೃತಿ ಸಚಿವಾಲಯದ ಎರಡು ವರ್ಷದ ವಿದ್ಯಾರ್ಥಿವೇತನವಿದೆ. 40ರ ಒಳಗಿನವರಿಗೆ ಸಂಗೀತ ನಾಟಕ ಅಕಾಡೆಮಿ 2006ರಿಂದ ಬಿಸ್ಮಿಲ್ಲಾ ಖಾನ್ ಯುವ ಪುರಸ್ಕಾರ ನೀಡುತ್ತ ಬಂದಿದೆ. ಆಕಾಶವಾಣಿಯ ಧ್ವನಿಪರೀಕ್ಷೆಯಲ್ಲಿ ತೇರ್ಗಡೆಯಾದರೆ ಶ್ರೇಣಿ ಸಿಗುತ್ತದೆ. ಹೊಸಪೇಟೆಯಲ್ಲೇ ಕೇಂದ್ರವಿರುವುದು ಇಲ್ಲಿನವರಿಗೆ ಅನುಕೂಲ. ಜನಪದ ಹಾಡುಗಾರರಿಗೂ ಈ ಶ್ರೇಣಿ ಉಂಟೆಂಬುದು ಅನೇಕರಿಗೆ ಗೊತ್ತಿಲ್ಲ.

ಇನ್ನೊಂದು ಸಣ್ಣ ಆದರೆ ಅಗತ್ಯದ ವಿಷಯ. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದ ಮೇಲೆ ಹೊಸಪೇಟೆ, ಹಂಪಿಯ ಕಲಾವಿದರ ಅರ್ಜಿಗಳು ಆ ಜಿಲ್ಲೆಯ ಕನ್ನಡ ಮತ್ತು ಸಂಸ್ಕೃತಿ ಇಲಾಖೆಗೆ ಸೇರುತ್ತವೆ. ಸಂಡೂರು, ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲೇ ಉಳಿದಿವೆ. ತಪ್ಪು ಕಚೇರಿಗೆ ಅಲೆದು ದಿನಗೂಲಿ ಕಳೆದುಕೊಳ್ಳುವುದು ಬೇಡ.

ಪಾಲಕರೂ ಮಕ್ಕಳೂ

ಮೂರು ಬದುಕುಗಳಿಂದ ತಿಳಿಯುವುದಿಷ್ಟು. ಮೊದಲನೆಯದಾಗಿ, ಓದು ಬಿಟ್ಟು ಹಾಡು ಹಿಡಿಯುವ ಅಗತ್ಯ ಇಂದಿಲ್ಲ. ಈರಮ್ಮನವರಿಗೆ ಶಾಲೆ ಸಿಗಲಿಲ್ಲ, ಅದು ಅವರ ಆಯ್ಕೆಯಾಗಿರಲಿಲ್ಲ. ಇಂದಿನ ಮಕ್ಕಳು ಪದವಿ ಮುಗಿಸುತ್ತಲೇ ಬೆಳಗಿನ ಅಭ್ಯಾಸ ನಡೆಸಬಹುದು. ಪದವಿ ಇದ್ದವರಿಗೆ ಅಧ್ಯಾಪನ, ಸಂಶೋಧನೆಯ ಬಾಗಿಲೂ ತೆರೆದಿರುತ್ತದೆ.

ಎರಡನೆಯದಾಗಿ, ಹತ್ತು ಹನ್ನೆರಡು ವರ್ಷದ ತಾಳ್ಮೆ ಬೇಕು. ‘ಹಾಡ್ತಾ ಹಾಡ್ತಾ ರಾಗ’ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ದೂರದರ್ಶನದ ಸ್ಪರ್ಧೆಯಲ್ಲಿ ಒಂದು ಸುತ್ತು ಗೆದ್ದ ಮಗುವನ್ನು ಶಾಲೆ ಬಿಡಿಸಿ ವೇದಿಕೆಯಿಂದ ವೇದಿಕೆಗೆ ಕರೆದೊಯ್ಯುವವರು ಈ ಲೆಕ್ಕ ಮರೆಯಬಾರದು. ಮೂರನೆಯದಾಗಿ, ಕಲಾವಿದರಿಗೆ ವ್ಯವಹಾರ ಜ್ಞಾನವೂ ಇರಬೇಕು. ಒಪ್ಪಿಕೊಂಡ ಸಂಭಾವನೆಯನ್ನು ಬರೆಹದಲ್ಲಿ ಪಡೆಯುವುದು, ಬ್ಯಾಂಕ್ ಖಾತೆ, ಕಾರ್ಯಕ್ರಮದ ಪತ್ರಗಳನ್ನು ಜೋಪಾನವಾಗಿ ಇಡುವುದು ಮುಂದೆ ಮಾಸಾಶನಕ್ಕೂ ಪ್ರಶಸ್ತಿಗೂ ಆಧಾರವಾಗುತ್ತವೆ.

ಕೊನೆಯದಾಗಿ, ಕಲಾವಿದರ ಮನೆಯ ಮಕ್ಕಳಿಗೆ. ಅಜ್ಜಿ ಭಿಕ್ಷೆಯ ಜೋಳಿಗೆಯೊಂದಿಗೆ ಹಾಡಿದಳೆಂದು ಆ ಹಾಡಿನ ಬಗ್ಗೆ ನಾಚಿಕೆಪಡಬೇಕಾಗಿಲ್ಲ. ಜೋಳಿಗೆ ಬಡತನದ್ದು, ಹಾಡು ಆಕೆಯದು. ಜೋಳಿಗೆಯನ್ನು ಬಿಡಿ, ಹಾಡನ್ನು ಬಿಡಬೇಡಿ. ಮುಂದೆ ಎಂಜಿನಿಯರೇ ಆಗಿ, ದಾದಿಯೇ ಆಗಿ, ಇಂದು ಸಂಜೆ ಅಜ್ಜಿಯ ಮುಂದೆ ಕುಳಿತು ಒಂದು ಕಥೆಯನ್ನಾದರೂ ಪೂರ್ತಿ ಕೇಳಿ, ಕೈಯಲ್ಲಿರುವ ಮೊಬೈಲಿನಲ್ಲಿ ದಾಖಲಿಸಿ, ಒಂದೆರಡು ಪದವನ್ನಾದರೂ ಬಾಯಿಪಾಠ ಮಾಡಿ. ಪುಸ್ತಕಕ್ಕೆ ಇಳಿದ ಕಾವ್ಯ ಕಪಾಟಿನಲ್ಲಿ ಕಾದು ಕುಳಿತೀತು. ಕೊರಳಿನ ಕಾವ್ಯಕ್ಕೆ ಕಾಯುವಷ್ಟು ಕಾಲವಿಲ್ಲ.