ನೇತ್ರಾಣಿ ದ್ವೀಪ: ನೌಕಾಪಡೆಯ ಗುರಿ ಅಭ್ಯಾಸ ಮತ್ತು ಪರಿಸರ

ನೇತ್ರಾಣಿಯು ಅರಬ್ಬೀ ಸಮುದ್ರದಲ್ಲಿ, ಉತ್ತರ ಕನ್ನಡ ಜಿಲ್ಲೆಯ ಭಟ್ಕಳ ತಾಲ್ಲೂಕಿನ ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದಲ್ಲಿರುವ, ಜನವಸತಿಯಿಲ್ಲದ ಸಣ್ಣ ದ್ವೀಪ. ಇದಕ್ಕೆ ಪಾರಿವಾಳ ಗುಡ್ಡ ಎಂಬ ಹೆಸರೂ ಇದೆ. ಹವಳಗಳಿಗೂ ಕಡಲ ಹದ್ದುಗಳಿಗೂ ನೆಲೆಯಾಗಿರುವ ಈ ದ್ವೀಪವನ್ನು ಭಾರತೀಯ ನೌಕಾಪಡೆಯು ಗುರಿ ಅಭ್ಯಾಸಕ್ಕೆ ಬಳಸುತ್ತ ಬಂದಿದೆ. ಈ ಕಾರಣದಿಂದ ದ್ವೀಪದ ಸಂರಕ್ಷಣೆಯು ಬಹುಕಾಲದಿಂದ ಚರ್ಚೆಯ ವಿಷಯವಾಗಿದೆ.

ಸೈನಿಕ ಹಿನ್ನೆಲೆ

1971ರ ಯುದ್ಧದ ಅನುಭವದಿಂದ, ದಟ್ಟಣೆಯ ಮುಂಬಯಿ ಬಂದರೊಂದನ್ನೇ ನೆಚ್ಚಿಕೊಂಡಿರುವುದು ಸುರಕ್ಷಿತವಲ್ಲವೆಂದು ನೌಕಾಪಡೆಗೆ ಮನವರಿಕೆಯಾಯಿತು. ಕಾರವಾರದ ಬಳಿಯ ಅರ್ಗಾದಲ್ಲಿ 'ಸೀಬರ್ಡ್' ಯೋಜನೆಗೆ ಪ್ರಧಾನಿ ರಾಜೀವ್ ಗಾಂಧಿ 1986ರ ಅಕ್ಟೋಬರ್ 24ರಂದು ಶಂಕುಸ್ಥಾಪನೆ ಮಾಡಿದರು. ಅಲ್ಲಿನ ಐಎನ್‌ಎಸ್ ಕದಂಬ ನೆಲೆಯು 2005ರ ಮೇ 31ರಂದು ಕಾರ್ಯಾರಂಭ ಮಾಡಿತು. ವಿಮಾನವಾಹಕ ನೌಕೆ ವಿಕ್ರಮಾದಿತ್ಯದ ತವರು ನೆಲೆಯೂ ಇದೇ. ನೆಲೆಗಾಗಿ ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳ ಸಾವಿರಾರು ಕುಟುಂಬಗಳು ಮನೆ, ಜಮೀನು, ಮೀನುಗಾರಿಕೆಯ ತಾಣಗಳನ್ನು ಬಿಟ್ಟುಕೊಟ್ಟವು. ಹಡಗುಗಳು ಹೆಚ್ಚಿದಂತೆ ಅಭ್ಯಾಸದ ಅಗತ್ಯವೂ ಹೆಚ್ಚುವುದು ಸಹಜ.

ಜೀವವೈವಿಧ್ಯ

ದ್ವೀಪದ ಬಂಡೆಗಳ ಸುತ್ತ ಹವಳಗಳೂ ಅವನ್ನು ಆಶ್ರಯಿಸಿದ ವಿವಿಧ ಜಾತಿಯ ಮೀನುಗಳೂ ಇವೆ. ಮರಗಳಲ್ಲಿ ಬಿಳಿಹೊಟ್ಟೆಯ ಕಡಲ ಹದ್ದು ಗೂಡು ಕಟ್ಟುತ್ತದೆ. ಗುಹೆಗಳಲ್ಲಿ ಸ್ವಿಫ್ಟ್‌ಲೆಟ್ ಹಕ್ಕಿಗಳಿವೆ. ಹದ್ದಿಗೂ ಹವಳಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯ ರಕ್ಷಣೆಯಿದೆ.

ಪರಿಣಾಮಗಳು

ಬಳಸಿದ ಗುಂಡು ಮತ್ತು ಶೆಲ್‌ಗಳ ಅವಶೇಷಗಳು ದ್ವೀಪದಲ್ಲಿ ಕಂಡುಬಂದಿವೆ. ನೀರಿನಲ್ಲಿ ಸ್ಫೋಟವಾದರೆ ಅದರ ಒತ್ತಡದಿಂದ ಮೀನಿನ ಗಾಳಿಚೀಲ ಒಡೆಯುತ್ತದೆ. ಸಿಡಿದ ಕಲ್ಲು, ಮಣ್ಣು ಹವಳದ ಮೇಲೆ ಕುಳಿತು ಬೆಳಕನ್ನು ತಡೆಯುತ್ತವೆ. ಸಿಡಿಯದೆ ಉಳಿದ ಶೆಲ್‌ಗಳು ಮೀನುಗಾರರಿಗೂ ಮುಳುಗುಗಾರರಿಗೂ ಅಪಾಯಕಾರಿ.

ಕಾಲದ ಪ್ರಶ್ನೆಯೂ ಇದರಲ್ಲಿ ಸೇರಿದೆ. ಕಡಲ ಹದ್ದು ಗೂಡು ಕಟ್ಟುವುದು ಮಳೆಗಾಲ ಮುಗಿದ ಮೇಲೆ. ಮುಳುಗು ಪ್ರವಾಸವೂ ಶಾಂತ ಕಡಲಿನ ಅದೇ ತಿಂಗಳುಗಳಲ್ಲಿ ನಡೆಯುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ನಿಷೇಧವಿರುವುದರಿಂದ ಭಟ್ಕಳ, ಹೊನ್ನಾವರ, ಕುಮಟಾದ ಮೀನುಗಾರರ ದುಡಿಮೆಯೂ ಉಳಿದ ತಿಂಗಳುಗಳಿಗೇ ಸೀಮಿತ. ಆ ಅವಧಿಯಲ್ಲಿ ಅಭ್ಯಾಸ ನಡೆದರೆ ಮೂವರಿಗೂ ಅಡಚಣೆ.

ಕಾನೂನಿನ ಸ್ಥಿತಿ

2002ರ ಜೀವವೈವಿಧ್ಯ ಕಾಯಿದೆಯ 37ನೆಯ ಕಲಮಿನ ಪ್ರಕಾರ ರಾಜ್ಯ ಸರಕಾರವು ಸ್ಥಳೀಯ ಸಂಸ್ಥೆಗಳೊಂದಿಗೆ ಸಮಾಲೋಚಿಸಿ ಪಾರಂಪರಿಕ ತಾಣಗಳನ್ನು ಘೋಷಿಸಬಹುದು. ನೇತ್ರಾಣಿಗೆ ಈ ಸ್ಥಾನ ಸಿಗಬೇಕೆಂಬುದು ಪರಿಸರಾಸಕ್ತರ ಬೇಡಿಕೆ. ಆದರೆ ರಕ್ಷಣಾ ವಿಷಯಗಳಲ್ಲಿ ಪರಿಸರ ಕಾನೂನು ಸಡಿಲವಾಗಿದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯು ರಕ್ಷಣಾ ಯೋಜನೆಗಳಿಗೆ ಸಾರ್ವಜನಿಕ ಸಮಾಲೋಚನೆಯಿಂದ ವಿನಾಯಿತಿ ನೀಡುತ್ತದೆ. ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ 236ನೆಯ ವಿಧಿಯೂ ಯುದ್ಧನೌಕೆಗಳನ್ನು ಪರಿಸರ ನಿಯಮಗಳಿಂದ ಹೊರಗಿಡುತ್ತದೆ. ಸಾಧ್ಯವಾದಷ್ಟು ಮಟ್ಟಿಗೆ ಆ ನಿಯಮಗಳಿಗೆ ಅನುಗುಣವಾಗಿ ನಡೆಯಬೇಕೆಂದಷ್ಟೇ ಹೇಳುತ್ತದೆ.

ನೆರೆಯ ತಾಲ್ಲೂಕುಗಳ ಸ್ಥಿತಿ ಭಿನ್ನ. ಕುಮಟಾದ ಅಘನಾಶಿನಿ ಅಳಿವೆಯು 2024ರ ಜನವರಿಯಲ್ಲಿ ರಾಮ್ಸರ್ ತಾಣವಾಯಿತು. ಹೊನ್ನಾವರದಲ್ಲಿ ಅಪ್ಸರಕೊಂಡ–ಮುಗಳಿ ಕಡಲ ವನ್ಯಜೀವಿಧಾಮ ರೂಪುಗೊಂಡಿದೆ.

ಇತರ ದೇಶಗಳ ನಿದರ್ಶನ

ಅಮೆರಿಕದ ನೌಕಾಪಡೆಯು ಪ್ಯುಯೆರ್ಟೊ ರಿಕೊದ ವಿಯೆಕೆಸ್ ದ್ವೀಪದಲ್ಲಿ ದಶಕಗಳ ಕಾಲ ಬಾಂಬ್ ಅಭ್ಯಾಸ ನಡೆಸಿತು. 1999ರಲ್ಲಿ ಗುರಿ ತಪ್ಪಿದ ಬಾಂಬಿಗೆ ಕಾವಲುಗಾರನೊಬ್ಬ ಬಲಿಯಾದ ಮೇಲೆ ಪ್ರತಿಭಟನೆ ತೀವ್ರವಾಯಿತು. 2003ರಲ್ಲಿ ನೌಕಾಪಡೆ ಅಲ್ಲಿಂದ ಹೊರಟಿತು. ಹವಾಯಿಯ ಕಹೊಒಲಾವೆಯಲ್ಲಿ 1990ರಲ್ಲಿ ಬಾಂಬ್ ದಾಳಿ ನಿಂತಿತು. 2004ರಲ್ಲಿ ನೌಕಾಪಡೆಯ ಶುಚೀಕರಣ ಕಾರ್ಯ ಮುಗಿದಾಗಲೂ ದ್ವೀಪದ ಸುಮಾರು ಕಾಲುಭಾಗ ಹಾಗೆಯೇ ಉಳಿದಿತ್ತು.

ವಿಶ್ಲೇಷಣೆ

ಈ ನಿದರ್ಶನಗಳಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಅಭ್ಯಾಸವನ್ನು ಒಂದು ದ್ವೀಪದಿಂದ ತೆರವುಗೊಳಿಸಿದರೆ ನೌಕಾಪಡೆಯ ತರಬೇತಿ ನಿಂತುಹೋಗುವುದಿಲ್ಲ. ತೆರವು ತಡವಾದಷ್ಟೂ ಶುಚೀಕರಣ ಕಠಿಣವಾಗುತ್ತದೆ. ತೇಲುವ ಅಥವಾ ಎಳೆದೊಯ್ಯುವ ಗುರಿಗಳನ್ನು ತೆರೆದ ಕಡಲಿನಲ್ಲಿ ಬಳಸಬಹುದು; ಹವಳದ ನೆಲೆಯನ್ನು ಬೇರೆಡೆ ಸಾಗಿಸಲಾಗದು. ನೌಕಾಪಡೆಗೆ ಅಭ್ಯಾಸ ಬೇಕೆಂಬುದರಲ್ಲಿ ವಿವಾದವಿಲ್ಲ. ಅದು ನೇತ್ರಾಣಿಯಲ್ಲಿಯೇ ಆಗಬೇಕೆ ಎಂಬುದು ಇತ್ಯರ್ಥವಾಗಬೇಕಾದ ಪ್ರಶ್ನೆ.